ತೊಟ್ಟಿ ಕಲ್ಲಿನ ಮೇಲೆ ಒಂದು ಇಸವಿ

“ತೊಟ್ಟಿ ಇಲ್ಲೇ ಇತ್ತು ಅನ್ನೋಕೆ ಈಗ ಏನೂ ಉಳಿದಿಲ್ಲ ಕಣಪ್ಪ. ರಸ್ತೆ ಮೇಲೆ ಬಿಳಿ ಗೆರೆ ಎಳ್ದವ್ರಲ್ಲ, ಅದರಿಂದ ಒಂಚೂರು ಈ ಕಡೆಗೆ. ಕಲ್ಲಿನ ತೊಟ್ಟಿ. ಒಂದು ಎಮ್ಮೆ ಆರಾಮಾಗಿ ಮಲಗಬೋದಿತ್ತು, ಅಷ್ಟುದ್ದ. ಯಾರು ಕಟ್ಟಿಸಿದ್ದೋ ನಂಗೆ ಗೊತ್ತಿಲ್ಲ. ನಾನು ಮದುವೆಯಾಗಿ ಬಂದಾಗ್ಲೇ ಪಾಚಿ ಕಟ್ಟಿತ್ತು. ಎತ್ತಿನ ಗಾಡಿ ಕಾಲದ್ದು ಅನ್ನೋರು. ನಮ್ಮ ಕಾಲಕ್ಕೆ ಎತ್ತು ಹೋಗಿ ಲಾರಿ ಬಂದಿತ್ತು. ಲಾರಿಗೂ ಬಾಯಾರ್ತದಲ್ಲ. ಗುಂಡ್ಯದಿಂದ ಘಾಟಿ ಹತ್ಕೊಂಡು ಇಲ್ಲಿಗೆ ಬರೋ ಹೊತ್ಗೆ ಮುಂದ್ಗಡೆಯಿಂದ ಹಬೆ ಏಳ್ತಿರೋದು, ಇಡ್ಲಿ ಪಾತ್ರೆ ಥರ. ರೇಡಿಯೇಟರ್ ಮುಚ್ಚಳ ಹಂಗೇ ತೆಗೆದ್ರೆ ಬಿಸಿನೀರು ಆಳೆತ್ತರ ಹಾರ್ತದೆ. ಒಬ್ಬ ಕ್ಲೀನರ್ ಕೈ ಬೆಂದೇ ಹೋಯ್ತು ಒಂದ್ಸಲ. ಆಮೇಲಿಂದ ನಮ್ಮ ಯಜಮಾನ್ರು ಗೋಣಿಚೀಲ ನೆನೆಸಿ ಇಟ್ಕಂಡಿರೋರು. ಚೀಲ ಹೊದಿಸಿ, ಮುಖ ಆ ಕಡೆ ಮಾಡ್ಕಂಡು, ಮೆಲ್ಲಗೆ ತಿರುವೋರು.

“ನೀರು ತಾನಾಗೇ ಬಂದು ತುಂಬ್ತಿರಲಿಲ್ಲ. ಮೇಲ್ಗಡೆ ಝರಿಯಿಂದ ಬಿದಿರು ದಬ್ಬೆಲಿ ಬರೋದು, ಸಂಕ್ರಾಂತಿ ಕಳೀತಿದ್ದಂಗೆ ನಿಂತೋಗೋದು. ಆಮೇಲೆ ಹೊರಬೇಕು. ಅವರು ಎರಡು ಡಬ್ಬ, ನಾನು ಒಂದು ಕೊಡ. ನೀರಿಗೆ ದುಡ್ಡು ಇಸ್ಕಬಾರದು ಅಂತ ನಮ್ಮೋರದ್ದು ಒಂದು ಹಟ. ಲಾರಿಯೋರು ಲಾರೀಲಿ ಏನು ತುಂಬಿರೋರೋ ಅದನ್ನೇ ಕೊಡೋರು. ಉಪ್ಪಿನ ಲಾರಿ ಆದ್ರೆ ಒಂದು ಬೊಗಸೆ ಉಪ್ಪು. ಒಣಮೀನಿಂದಾದ್ರೆ ನಾಕು ಮೀನು. ಹಂಚಿನ ಲಾರಿ ಆದ್ರೆ ಒಂದು ಹಂಚು. ಮ್ಯಾಲೆ ನೋಡು, ಈ ಮನೆ ಹಂಚೆಲ್ಲ ಹಂಗೆ ಬಂದಿದ್ದು. ಒಂದ್ರಲ್ಲಿ ಆನೆ ಐತೆ, ಒಂದ್ರಲ್ಲಿ ನಕ್ಷತ್ರ, ಒಂದ್ರಲ್ಲಿ ಎಂಥದೋ ಹಕ್ಕಿ. ಈ ಕಂಪ್ನಿ ಹಂಚಿಗೂ ಆ ಕಂಪ್ನಿ ಹಂಚಿಗೂ ಕೂಡಲ್ಲ. ಕೂಡದೇ ಇರೋ ಕಡೆಯೆಲ್ಲ ಸೋರ್ತದೆ. ಮಳೆಗಾಲದಲ್ಲಿ ಪಾತ್ರೆ ಇಟ್ಕಂಡು ಹೋಗ್ತಾ ಯಾವ ಕಂಪ್ನಿಗೂ ಯಾವ ಕಂಪ್ನಿಗೂ ಜಗಳ ಅಂತ ಹೇಳ್ಬುಡ್ತೀನಿ.

“ಮಂಗಳೂರ ಕಡೆ ಹೋದ ನಮ್ಮೋರು ವಾಪಸ್ ಬರಲಿಲ್ಲ. ಅದಾದ ಮೇಲೆ ನಾನೊಬ್ಳೇ ಹೊತ್ತೆ. ರಸ್ತೆ ಅಗಲ ಮಾಡಿ ತೊಟ್ಟಿ ಮೇಲೆ ಡಾಂಬರು ಹಾಕೋವರ್ಗೂ ಹೊತ್ತೆ. ಅಷ್ಟೊತ್ತಿಗೆ ಹೊಸ ಲಾರಿಗಳಿಗೆ ನೀರೂ ಬೇಡಾಗಿತ್ತು. ಟೀ ಕುಡಿ, ಆರೋಗ್ತದೆ.”

ಇಷ್ಟನ್ನು ಶಾಹಜಾದಿ ಹೇಳಿದ್ದು ದೋಣಿಗಲ್ ತಿರುವಿನಲ್ಲಿರುವ ತನ್ನ ಮನೆಯ ಜಗಲಿಯ ಮೇಲೆ ಕೂತು. ಕೇಳುತ್ತಿದ್ದವನು ಸಕಲೇಶಪುರದಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಪ್ರದೀಪ್. ಅವನೂ ಅವನ ನಾಲ್ಕಾರು ಸ್ನೇಹಿತರೂ ಸೇರಿ ಹಳೇ ರಸ್ತೆ ಬಳಗ ಎಂದು ಒಂದು ಗುಂಪು ಮಾಡಿಕೊಂಡಿದ್ದರು. ಹೆದ್ದಾರಿ ಅಗಲವಾದಾಗ ಆಲೂರಿನಿಂದ ಘಾಟಿಯ ತಲೆಯವರೆಗೆ ಏನೇನು ಮುಚ್ಚಿಹೋಯಿತೋ, ಅದರ ಜಾಗದಲ್ಲಿ ಒಂದೊಂದು ಕೆತ್ತಿದ ಕಲ್ಲು ನಿಲ್ಲಿಸುವುದು ಅವರ ಕೆಲಸ. ಇಲ್ಲಿ ಇಂಥದಿತ್ತು, ಅದನ್ನು ಇಂಥವರು ನೋಡಿಕೊಂಡಿದ್ದರು ಎಂದು ಎರಡು ಸಾಲು, ಕೆಳಗೆ ಅವರು ಹುಟ್ಟಿದ ಮತ್ತು ತೀರಿಕೊಂಡ ಇಸವಿ. ದಾರಿಹೋಕರು ನಿಂತು ಓದಲಿ ಎಂದು.

ಪ್ರದೀಪ್ ಟೀ ಕುಡಿದು ಲೋಟ ಕೆಳಗಿಟ್ಟು, ಮೊಬೈಲಿನ ರೆಕಾರ್ಡಿಂಗ್ ನಿಲ್ಲಿಸಿ, ಸಲೀಸಾಗಿ ಕೇಳಿದ. “ಅಮ್ಮ, ಮುಬಾರಕ್ ಸಾಬ್ರು ತೀರ್ಕೊಂಡಿದ್ದು ಯಾವ ಇಸವಿ?”

“ತೀರ್ಕಂಡ್ರು ಅಂತ ಯಾರು ಹೇಳಿದ್ದು?” ಎಂದಳು ಶಾಹಜಾದಿ. ಕೋಪವೇನಿರಲಿಲ್ಲ ದನಿಯಲ್ಲಿ. ಬಸ್ಸು ಯಾವಾಗ ಬರುತ್ತದೆ ಎಂದು ಕೇಳುವ ಹಾಗೆ ಕೇಳಿದಳು.

ಪ್ರದೀಪ್ ತಡಬಡಾಯಿಸಿದ. ಅವನು ಹುಟ್ಟುವ ಹೊತ್ತಿಗೆ ಆದ ವಿಷಯ, ಅವನಿಗೇನು ಗೊತ್ತು? ಗಂಡ ಇಲ್ಲದ ಮನೆ, ಮೂವತ್ತು ವರ್ಷ ದಾಟಿದೆ, ಅಂದಮೇಲೆ ಸತ್ತೇ ಇರಬೇಕು ಎಂದುಕೊಂಡಿದ್ದ. ಹುಟ್ಟಿದ ಇಸವಿಯನ್ನು ಮುಬಾರಕನ ತಮ್ಮ ಮಹಮ್ಮದ್ ಇಸ್ಮಾಯಿಲನ ಪಂಕ್ಚರ್ ಅಂಗಡಿಗೆ ಹೋಗಿ ಕೇಳಿಕೊಂಡು ಬಂದಿದ್ದ. ಕಲ್ಲು ಕೆತ್ತುವ ಸಿದ್ದಯ್ಯನಿಗೆ ಹೆಸರೂ ಕೊಟ್ಟು, ಹುಟ್ಟಿದ ಇಸವಿಯನ್ನೂ ಕೊಟ್ಟು, ಇನ್ನೊಂದು ಇಸವಿ ಆಮೇಲೆ ಹೇಳ್ತೀನಿ ಎಂದಿದ್ದ. ಸಿದ್ದಯ್ಯ ಕೈ ಚುರುಕಿನ ಆಳು. ಅಷ್ಟೂ ಕೆತ್ತಿ ಮುಗಿಸಿ, ಒಂದು ಗೀಟು ಎಳೆದು ಕೂತಿದ್ದ.

“ತಪ್ಪಾಯ್ತಮ್ಮ,” ಎಂದ ಪ್ರದೀಪ್. “ನಾವು ಒಂದು ಕಟ್ಟಳೆ ಮಾಡ್ಕೊಂಡಿದೀವಿ. ಬದುಕಿರೋರ ಹೆಸರು ಕಲ್ಲಿಗೆ ಹಾಕಲ್ಲ ಅಂತ. ಹಾಕಿದ್ರೆ ನಾಳೆ ಮೆಂಬರ್ರು, ಛೇರ್ಮನ್ರು ಎಲ್ಲ ಬಂದು ನಮ್ದೂ ಹಾಕಿ ಅಂತಾರೆ.”

“ಹಂಗಾದ್ರೆ ಹೆಸರು ಬೇಡ. ತೊಟ್ಟಿ ಅಂತ ಹಾಕಿ.”

“ಹೆಸರು ಕೆತ್ತಾಗಿದೆ. ಬೇಡ ಅಂದ್ರೆ ಉಜ್ಜಿ ತೆಗೀಬೇಕು. ಇಲ್ಲ ಅಂದ್ರೆ ಇಸವಿ ಹಾಕಬೇಕು. ನೀವು ಯೋಚನೆ ಮಾಡಿ ಹೇಳಿ. ಅವಸರ ಏನಿಲ್ಲ.”

ಅವಸರ ಏನಿಲ್ಲ ಎಂದವನು ಹೋಗುವಾಗ, ಹದಿನೈದು ದಿನಕ್ಕೆ ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ ಎಂದೂ ಹೇಳಿ ಹೋದ.

ಮುಬಾರಕ್ ಹೋಗಿದ್ದು ತೊಂಬತ್ತೊಂದನೇ ಇಸವಿಯ ಮಳೆಗಾಲದಲ್ಲಿ. ಝರಿಯಿಂದ ತೊಟ್ಟಿಗೆ ಬಿದಿರಿನ ದಬ್ಬೆ ತೆಗೆದು ರಬ್ಬರ್ ಪೈಪು ಹಾಕಬೇಕೆಂದು ಅವನಿಗೆ ಬಹಳ ದಿನದ ಆಸೆ. ಮಂಗಳೂರಿನಲ್ಲಿ ಹಳೇ ಪೈಪು ಸಿಗುತ್ತದೆಂದು ಯಾರೋ ಡ್ರೈವರ್ ಹೇಳಿದ. ಒಂದು ಬೆಳಿಗ್ಗೆ ರೊಟ್ಟಿ ತಿಂದು, ಛತ್ರಿ ಹಿಡಿದುಕೊಂಡು, ಗುರುತಿನ ಲಾರಿ ಹತ್ತಿ ಘಾಟಿ ಇಳಿದ. ಮಧ್ಯಾಹ್ನದ ಹೊತ್ತಿಗೆ ಘಾಟಿಯಲ್ಲಿ ಗುಡ್ಡ ಜರಿಯಿತು. ರಸ್ತೆ ತೆರೆಯುವುದಕ್ಕೆ ವಾರ ಹಿಡಿಯಿತು. ತೆರೆದ ಮೇಲೆ ಅದೇ ಲಾರಿಯ ಡ್ರೈವರ್ ತಾನಾಗಿಯೇ ಬಂದು ಹೇಳಿದ. ಮಳೆಯ ರಭಸ ನೋಡಿ ಮುಬಾರಕನಿಗೆ ಮನೆಯ ಯೋಚನೆ ಹತ್ತಿತಂತೆ, ಹೆಂಡತಿ ಮಗು ಇಬ್ಬರೇ ಇದ್ದಾರೆ ಎಂದನಂತೆ, ಗುಂಡ್ಯದಲ್ಲಿ ಇಳಿದುಕೊಂಡನಂತೆ, ಮೇಲೆ ಬರುವ ಯಾವುದಾದರೂ ಗಾಡಿ ಹಿಡಿಯುತ್ತೇನೆ ಎಂದನಂತೆ. ಯಾವ ಗಾಡಿ ಹಿಡಿದ, ಹಿಡಿದನೋ ಇಲ್ಲವೋ, ನೋಡಿದವರಿಲ್ಲ. ಪೊಲೀಸರು ಬಂದರು. ಊರವರು ಕೋಲು ಹಿಡಿದು ಜರಿದ ಮಣ್ಣನ್ನೆಲ್ಲ ಚುಚ್ಚಿ ನೋಡಿದರು. ಒಂದು ಸ್ಕೂಟರ್ ಸಿಕ್ಕಿತು, ಒಂದು ಹಸು ಸಿಕ್ಕಿತು. ಮುಬಾರಕ್ ಸಿಗಲಿಲ್ಲ.

ಮೊದಮೊದಲು ಶಾಹಜಾದಿ ನೀರಿಗೆ ನಿಂತ ಒಬ್ಬೊಬ್ಬ ಡ್ರೈವರನ್ನೂ ಕೇಳುತ್ತಿದ್ದಳು. ಆಮೇಲೆ ಅವರೇ ಕೇಳದೆ ಹೇಳತೊಡಗಿದರು. ಕಾಸರಗೋಡಿನ ಮಸೀದಿಯ ಹತ್ತಿರ ಥೇಟ್ ಅವನ ಹಾಗೇ ಒಬ್ಬನನ್ನು ನೋಡಿದೆ ಬೂಬಮ್ಮ, ಎಂದು ಒಬ್ಬ. ಬೊಂಬಾಯಿ ಬಂದರಿನಲ್ಲಿ ಎಂದು ಇನ್ನೊಬ್ಬ. ಇಸ್ಮಾಯಿಲ್ ಎರಡು ಕಡೆಗೂ ಹೋಗಿ ಬಂದ. ಹಾಗೇ ಇದ್ದವರು ಇದ್ದರು, ಅವನಿರಲಿಲ್ಲ. ಕೊನೆಗೆ ಅವರು ಹೇಳುವುದನ್ನು ಬಿಟ್ಟರು, ಇವಳು ಕೇಳುವುದನ್ನು ಬಿಟ್ಟಳು. ಯಾವ ದಿನ ಬಿಟ್ಟಳು ಎಂದು ಅವಳಿಗೂ ನೆನಪಿಲ್ಲ. ಕಾಲಿಗೆ ಜೋಮು ಹಿಡಿದರೆ ಹಿಡಿದದ್ದು ಗೊತ್ತಾಗುವುದು ಎದ್ದು ನಿಂತಾಗಲೇ. ಶಾಹಜಾದಿ ಎದ್ದು ನಿಲ್ಲುವ ಸಂದರ್ಭವೇ ಬರಲಿಲ್ಲ.

ಕತ್ತಿನ ಕರಿಮಣಿ ಸರ ತೆಗೆಯಿರಿ ಎಂದು ಯಾರೂ ಹೇಳಲಿಲ್ಲ, ಇರಲಿ ಎಂದೂ ಹೇಳಲಿಲ್ಲ. ದಾರ ಹರಿದಾಗೆಲ್ಲ ಪೋಣಿಸಿಕೊಂಡಳು. ಮದುವೆ ಮನೆಗಳಲ್ಲಿ ಹುಡುಗಿಗೆ ಮೆಹಂದಿ ಹಚ್ಚಲು ಗಂಡನಿರುವ ಹೆಂಗಸರನ್ನು ಕೂಗುವಾಗ ತಟ್ಟೆ ಇವಳ ಮುಂದೆ ಬಂದು ಒಂದು ಗಳಿಗೆ ನಿಲ್ಲುತ್ತಿತ್ತು. ಒಬ್ಬಳು ಇವಳ ಕೈಗೆ ಕೊಡು ಎನ್ನುವಳು, ಇನ್ನೊಬ್ಬಳು ಗೋಡೆ ನೋಡುವಳು. ಅವರಿಗೆ ಪಾಪ ಯಾಕೆ ತೊಂದರೆ ಎಂದು ಶಾಹಜಾದಿ ತಾನೇ ಎದ್ದು ಪಾತ್ರೆ ತೊಳೆಯುವ ಕಡೆ ಹೋಗಿಬಿಡುತ್ತಿದ್ದಳು. ದೋಣಿಗಲ್‌ನಲ್ಲಿ ಎಷ್ಟೋ ಮದುವೆಗಳ ಡೇಕ್ಸಾ ಅವಳು ತಿಕ್ಕಿದ್ದಾಳೆ.

ಈಗ ಇಸವಿ ಹೇಳಿದರೆ ಗಂಡ ಸತ್ತ ಎಂದು ತನ್ನ ಬಾಯಲ್ಲೇ ಹೇಳಿದ ಹಾಗೆ. ಹೇಳದಿದ್ದರೆ ಅವನ ಹೆಸರನ್ನು ಉಜ್ಜಿ ತೆಗೆಯುತ್ತಾರೆ. ಎರಡರಲ್ಲಿ ಒಂದು ಆಗಲೇಬೇಕು. ಆ ವಾರ ಶಾಹಜಾದಿಗೆ ಮಗಳು ಗೌಸಿಯಾಳ ಜೊತೆ ಆಲೂರಿಗೆ ಹೋಗುವ ಕೆಲಸವಿತ್ತು. ಗೌಸಿಯಾ ಸಕಲೇಶಪುರದಲ್ಲಿ ಬ್ಲೌಸ್ ಹೊಲಿಯುತ್ತಾಳೆ, ಗಂಡ ಹೊರದೇಶಕ್ಕೆ ದುಡಿಯಲು ಹೋದಾಗಿನಿಂದ ತಾಯಿಯ ಜೊತೆಗೇ ಇದ್ದಾಳೆ. ಬರುವಾಗ ಶಾಹಜಾದಿ, “ಆ ಕಲ್ಲುಗಳು ಎಲ್ಲೆಲ್ಲವೆ ತೋರ್ಸು,” ಎಂದಳು. ಅವಳಿಗೆ ಓದು ಬರುವುದಿಲ್ಲ.

ಆಲೂರಿನ ಕಲ್ಲು ಬಸ್ಸಿನ ಕಿಟಕಿಯಿಂದಲೇ ಕಂಡಿತು. ಗೌಸಿಯಾ ಓದಿದಳು. ಘಾಟಿ ಇಳಿಯುವ ಎತ್ತುಗಳಿಗೆ ಇಲ್ಲಿ ಲಾಳ ಕಟ್ಟುತ್ತಿದ್ದರು. ಪುಟ್ಟಾಚಾರಿ, ಇಂಥ ಇಸವಿಯಿಂದ ಇಂಥ ಇಸವಿ. ಸಕಲೇಶಪುರದಲ್ಲಿ ಇಳಿದು, ಹೇಮಾವತಿ ಸೇತುವೆಯ ಕಡೆ ನಡೆದರೆ ಸೂಲಗಿತ್ತಿ ಸುಲೋಚನಮ್ಮನ ಕಲ್ಲು. ಹೊಳೆ ತುಂಬಿದಾಗಲೂ ದಾಟಿ ಹೋಗಿ ಎಸ್ಟೇಟಿನ ಕೂಲಿ ಲೈನುಗಳಲ್ಲಿ ಹೆರಿಗೆ ಮಾಡಿಸಿದವರು. ಅವರಿಗೂ ಎರಡು ಇಸವಿ. ಅಲ್ಲಿಂದ ಮುಂದೆ ಮೊಬೈಲ್ ಅಂಗಡಿಯೊಂದರ ಮುಂದೆ ಮೂರನೆಯದು. ಮಂಗಳೂರಿನಿಂದ ಘಾಟಿ ಹತ್ತಿ ಬಂದ ನಿಕೋಲಸ್ ಎಂಬವರು ಇಲ್ಲಿ ಊರಿನ ಮೊದಲ ಬ್ರೆಡ್ ಒಲೆ ಕಟ್ಟಿದರು, ದೊರೆಗಳ ಬಂಗಲೆಗೂ ಕೂಲಿ ಲೈನಿಗೂ ಒಂದೇ ಒಲೆಯ ಬ್ರೆಡ್ಡು ಹೋಗುತ್ತಿತ್ತು. ಅಷ್ಟರ ಕೆಳಗೆ ಇನ್ನೇನೋ ಇತ್ತು. ಆದರೆ ಅಂಗಡಿಯವನು ಅದರ ಮೇಲೆ ಮೊಬೈಲ್ ಕವರುಗಳ ಗೊಂಚಲು ನೇತುಹಾಕಿದ್ದ.

“ಸ್ವಲ್ಪ ಸರ್ಸಿ ಅಣ್ಣ, ಓದಬೇಕು,” ಎಂದಳು ಗೌಸಿಯಾ.

“ಓದಿ ಓದಿ. ಕಲ್ಲು ನೆಟ್ಟ ಮೇಲೆ ನಮ್ಮ ಬೋರ್ಡೇ ಯಾರಿಗೂ ಕಾಣಲ್ಲ. ಬ್ರೆಡ್ ಎಲ್ಲಿ ಸಿಗ್ತದೆ ಅಂತ ದಿನಾ ನಾಕು ಜನ ಕೇಳ್ತಾರೆ. ನಾನೀಗ ಬ್ರೆಡ್ಡೂ ಇಟ್ಟಿದೀನಿ.”

ಕವರುಗಳ ಹಿಂದೆ ಎರಡು ಇಸವಿ ಇದ್ದವು. ಶಾಹಜಾದಿ ಬೆರಳಿಟ್ಟು ಮುಟ್ಟಿದಳು. ಮೊದಲನೆಯದು, ನಡುವೆ ಗೀಟು, ಎರಡನೆಯದು. “ಎಲ್ರಿಗೂ ಎರಡೈತೆ,” ಎಂದಳು.

“ಸತ್ತೋರಿಗೆ ಎರಡೇ ಅಲ್ವಾ ಅಮ್ಮಿ.”

ಶುಕ್ರವಾರ ನಮಾಜು ಮುಗಿಸಿ ಇಸ್ಮಾಯಿಲ್ ಬಂದ. ವಾರಕ್ಕೊಮ್ಮೆ ಬಂದು ಹೋಗುವ ರೂಢಿ ಅವನದು. ಅಣ್ಣ ಕೂರುತ್ತಿದ್ದ ಮರದ ಕುರ್ಚಿ ಖಾಲಿ ಇದ್ದರೂ ಅದರಲ್ಲಿ ಕೂರುವವನಲ್ಲ, ಚಾಪೆಯ ಮೇಲೇ ಕೂರುವನು. ಕಲ್ಲಿನ ಮಾತು ಬಂತು.

“ಉಜ್ಜಿ ತೆಗೆಸಿ ಭಾಭಿ. ತೊಟ್ಟಿ ಅಂತಿರ್ಲಿ ಸಾಕು,” ಎಂದ. “ಅಣ್ಣ ಬಂದು ನೋಡಿದ್ರೆ ಏನಂದ್ಕೊಳ್ತಾನೆ?”

“ಬಂದ್ರೆ ಓದ್ಕೊಂಡು ನಗ್ತಾರೆ ಚಾಚಾ,” ಎಂದಳು ಗೌಸಿಯಾ. “ಬರಲಿ ನೋಡೋಣ.”

“ನೀನು ಮಗಳಾಗಿ ಹಿಂಗನ್ನಬಾರದು.”

“ಮಗಳು ಅಂತಲೇ ಅಂತಿರೋದು. ಸ್ಕೂಲಲ್ಲಿ ಅಪ್ಪನ ಹೆಸರೇನು ಅಂದ್ರೆ ಹೇಳ್ತಿದ್ದೆ. ಏನ್ ಮಾಡ್ತಾರೆ ಅಂದ್ರೆ ನೆಲ ನೋಡ್ತಿದ್ದೆ. ಇಲ್ಲ ಅನ್ನೋಕೂ ಬಿಡಲಿಲ್ಲ ನೀವು. ನನ್ನ ಮದುವೇಲಿ ಅಪ್ಪನ ಜಾಗದಲ್ಲಿ ಕೂತ್ಕೊಳ್ಳಿ ಅಂದ್ರೆ ಪಕ್ಕದಲ್ಲಿ ಕೂತ್ರಿ. ನಡುವೆ ಖಾಲಿ. ಫೋಟೋದಲ್ಲಿ ಇವತ್ತಿಗೂ ಹಂಗೇ ಇದೆ.”

ಇಸ್ಮಾಯಿಲ್ ಟೋಪಿ ತೆಗೆದು ತಲೆ ಸವರಿಕೊಂಡ. “ಅಣ್ಣ ಇಲ್ಲ ಅಂದ್ರೆ ಈ ಮನೆಗೆ ನಾನೇ ದೊಡ್ಡೋನು. ನಂಗೆ ಅದು ಬ್ಯಾಡ.”

“ಹಲ್ಲು ಕಟ್ಟಿಸ್ಕೊಂಡಿದೀರ ಚಾಚಾ. ಇನ್ನೂ ಎಷ್ಟು ದಿನ ಚಿಕ್ಕೋರಾಗಿರ್ತೀರ?”

ಅವನಿಗೆ ನಗು ಬಂತು, ಅದನ್ನು ಕೆಮ್ಮಾಗಿ ಮಾಡಿಕೊಂಡ. ಇಬ್ಬರೂ ಶಾಹಜಾದಿಯ ಕಡೆ ನೋಡಿದರು. ಅವಳು ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು. ಇಬ್ಬರ ಮಾತೂ ಸರಿಯೆನಿಸಿತು ಅವಳಿಗೆ. ಯಾರದೋ ಮನೆಯ ವಿಷಯ ರೇಡಿಯೋದಲ್ಲಿ ಬರುತ್ತಿರುವ ಹಾಗೂ ಅನಿಸಿತು. “ಇನ್ನೊಂಚೂರು ಚಾ ಹಾಕ್ಲಾ?” ಎಂದಳು.

ಮರುವಾರ ಸಿದ್ದಯ್ಯ ಕಲ್ಲನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಬಂದು, ನಾಲ್ಕು ಜನರನ್ನು ಹಿಡಿದು ಇಳಿಸಿ, ಮನೆಯ ಎದುರಿನ ಮಣ್ಣಿನ ಅಂಚಿನಲ್ಲಿ ಮಲಗಿಸಿದ. ಮೇಲೆ ಟಾರ್ಪಾಲು ಕಟ್ಟಿಕೊಂಡು, ಉಳಿ ಸುತ್ತಿಗೆ ಹರಡಿಕೊಂಡು ಕೂತ. ಸಿದ್ದಯ್ಯ ಆಲೂರು ಕಡೆಯವನು, ಮೊದಲು ಗೋರಿ, ಗದ್ದಿಗೆ, ಮನೆ ಮುಂದಿನ ಹೆಸರಿನ ಕಲ್ಲು ಕೆತ್ತಿಕೊಂಡಿದ್ದವನು. ಕಲ್ಲಿನ ಅಂಚು ಒಪ್ಪ ಮಾಡುತ್ತ ಎರಡು ದಿನ ಕಳೆದ. ಮೂರನೇ ದಿನ ಮಾಡುವುದಕ್ಕೆ ಬೇರೇನೂ ಉಳಿಯಲಿಲ್ಲ.

“ಬೂಬಮ್ಮ, ಒಂದು ಇಸವಿ ಹೇಳಿ ಪುಣ್ಯ ಕಟ್ಕಳಿ,” ಎಂದ, ಅವಳು ಟೀ ತಂದುಕೊಟ್ಟಾಗ. “ಬಿಸಿಲೆ ಹಳ್ಳೀಲಿ ಬೇರೆಯೋರ್ದು ಒಂದು ಕಲ್ಲು ಐತೆ, ವನಗೂರಲ್ಲಿ ಒಂದೈತೆ. ನಾನಿಲ್ಲೇ ಕೂತಿದ್ರೆ ಆ ಕಲ್ಲೆಲ್ಲ ಯಾರು ನನ್ನ ಮಾವ ಕೆತ್ತಾನಾ?”

“ನಾನು ಹೇಳ್ದೆ ಇದ್ರೆ?”

“ಉಜ್ಬುಡ್ತೀನಿ. ನಿಮ್ಮ ಯಜಮಾನ್ರ ಹೆಸರು ನಾಕೇ ಅಕ್ಷರದ ಜಾಗ, ಬೆಳಿಗ್ಗೆ ಕೂತ್ರೆ ಊಟದ ಹೊತ್ಗೆ ನುಣ್ಣಗಾಯ್ತದೆ. ಆದ್ರೆ ಒಂದು ಹೇಳ್ತೀನಿ, ಪೇಂಟಾದ್ರೆ ಬಳದು ಅಳಸಿ ಬಳಿಬೋದು. ಇದು ಉಳಿ. ಉಜ್ಜಿದ ಜಾಗ ಹಳ್ಳ ಬೀಳ್ತದೆ. ಮಳೆ ಬಂದ್ರೆ ಅಲ್ಲಿ ನೀರು ನಿಲ್ತದೆ. ಇಲ್ಲೇನೋ ಇತ್ತು ಅಂತ ಎಲ್ರಿಗೂ ಗೊತ್ತಾಯ್ತದೆ.”

“ಹಂಗೇ ಖಾಲಿ ಬುಟ್ರೆ? ಗೀಟು ಎಳ್ದು?”

“ಖಾಲಿ ಬುಟ್ರೆ ಬದುಕವ್ನೆ ಅಂತ ಅರ್ಥ. ಪ್ರದೀಪಣ್ಣ ಒಪ್ಪಕ್ಕಿಲ್ಲ. ಒಪ್ಪಿದ್ರೂ ನೋಡಿ, ನಿಮಗೇನಾದ್ರೂ ಹೆಚ್ಚುಕಮ್ಮಿ ಆದ ಮೇಲೆ ಅದನ್ನ ತುಂಬೋರು ಯಾರು? ನಿಮ್ಮ ಮೈದುನನಾ? ಆ ಮನುಷ್ಯ ಸತ್ತರೂ ಹೇಳಕ್ಕಿಲ್ಲ.” ಸಿದ್ದಯ್ಯ ಟೀ ಹೀರಿದ. “ಸಕ್ಕರೆ ಮುಂದಾಯ್ತು ಮಾರಾಯ್ತಿ.”

ಅವನು ಆ ಮಾತನ್ನು ತನ್ನ ಕೆಲಸ ಮುಗಿಯಲಿ ಎಂದು ಹೇಳಿದ್ದು. ಶಾಹಜಾದಿ ಕೇಳಿಸಿಕೊಂಡದ್ದು ಬೇರೆ ಥರ. ಗಂಡ ಸತ್ತರೆ ಹೆಂಡತಿ ಇದ್ದತ್ ಕೂರಬೇಕು. ನಾಲ್ಕು ತಿಂಗಳು ಹತ್ತು ದಿನ ಹೊಸಿಲು ದಾಟದೆ, ಬಳೆ ಸರ ಇಲ್ಲದೆ, ಹೊರಗಿನ ಗಂಡಸರ ಎದುರು ಬಾರದೆ ಮನೆಯೊಳಗಿರಬೇಕು. ಮಗಳು ಅಳಬಹುದು, ತಮ್ಮ ಅಳಬಹುದು, ಮೂರು ದಿನ ಅತ್ತು ಎದ್ದುಹೋಗಬಹುದು. ಕೂರುವವಳು ಹೆಂಡತಿ ಒಬ್ಬಳೇ. ಅವನಿಗಾಗಿ ಯಾರೂ ಕೂತಿಲ್ಲ. ತಾನು ಮೊದಲು ಹೋದರೆ ಇನ್ನು ಮುಂದೂ ಯಾರೂ ಕೂರುವುದಿಲ್ಲ. ಖಾಲಿ ಲೋಟ ಹಿಡಿದುಕೊಂಡು ಟಾರ್ಪಾಲಿನ ಕೆಳಗೆ ಇಷ್ಟನ್ನು ಯೋಚಿಸಿದಳು. ಎದೆಯಲ್ಲಿ ಏನಾದರೂ ಆಗುತ್ತದೋ ಎಂದು ಕಾದಳು. ರಸ್ತೆಯಲ್ಲಿ ಒಂದರ ಹಿಂದೆ ಒಂದು ಟ್ಯಾಂಕರುಗಳು ಹೋದವು.

“ತೊಂಬತ್ತೊಂದು ಹಾಕು,” ಎಂದಳು.

“ಖಂಡಿತ್ವಾಗೂ?”

“ಹಾಕು ಅಂದ್ನಲ್ಲ.”

ಸಿದ್ದಯ್ಯ ಉಳಿ ಎತ್ತಿಕೊಂಡ. ಸಂಜೆ ಗೌಸಿಯಾ ಬಸ್ಸಿಳಿದು ಬಂದಾಗ ಕಲ್ಲಿನ ಮೇಲೆ ಬಿಳಿ ಪುಡಿ ಇನ್ನೂ ಹಾಗೇ ಇತ್ತು. ಅವಳು ಸೆರಗಿನಿಂದ ಒರೆಸಿ ಓದಿದಳು. ಒಳಗೆ ಬಂದು ತಾಯಿಯ ಪಕ್ಕ ಕೂತು ಅತ್ತಳು. ಬೇಕೆಂದು ಹಟ ಹಿಡಿದವಳೇ ಅವಳು, ಆದರೂ ಅತ್ತಳು. ಶಾಹಜಾದಿ ಅವಳ ಬೆನ್ನು ಸವರುತ್ತ ಕೂತಳು. ಕೈ ಬೆನ್ನಿನ ಮೇಲೆ ಹೋಗುತ್ತಿತ್ತು, ಬರುತ್ತಿತ್ತು.

ಕಾರ್ಯಕ್ರಮದ ದಿನ ಬೆಳಿಗ್ಗೆಯೇ ತಿರುವಿನಲ್ಲಿ ಶಾಮಿಯಾನ ಬಿತ್ತು. ಕಲ್ಲು ನಿಲ್ಲಿಸಿ ಮೇಲೊಂದು ಬಟ್ಟೆ ಹೊದಿಸಿದ್ದರು. ಹಳೇ ಲಾರಿ ಓಡಿಸುತ್ತಿದ್ದ ಮುದುಕರು ಇಬ್ಬರು ಮೂವರು ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಬಟ್ಟೆ ತೆಗೆಯುವವಳು ಶಾಹಜಾದಿಯೇ ಎಂದು ಪ್ರದೀಪ್ ಮೊದಲೇ ಹೇಳಿದ್ದ, ಶಾಲು ತರಿಸಿದ್ದ. ಗೌಸಿಯಾ ತಾಯಿಯ ಒಳ್ಳೆಯ ಸೀರೆ ತೆಗೆದಿಟ್ಟು, ಕೂಗಲು ಒಳಗೆ ಬಂದಳು.

ಶಾಹಜಾದಿ ಒಗೆದ ಹಳೇ ಬಿಳಿ ಸೀರೆ ಉಟ್ಟು ಒಳಕೋಣೆಯಲ್ಲಿ ಕೂತಿದ್ದಳು. ಕೈಯಲ್ಲಿ ಬಳೆ ಇರಲಿಲ್ಲ. ಕತ್ತಿನಲ್ಲಿ ಸರ ಇರಲಿಲ್ಲ. ಸರ ಇದ್ದ ಜಾಗದಲ್ಲಿ ಚರ್ಮ ಬೇರೆ ಬಣ್ಣಕ್ಕಿತ್ತು.

“ಏನಮ್ಮಿ ಇದು? ಎಲ್ರೂ ಕಾಯ್ತಿದಾರೆ.”

“ನಾನು ಬರಲ್ಲ. ನಾನು ಇದ್ದತ್ ಕೂತಿದೀನಿ.”

ಗೌಸಿಯಾ ಬಾಗಿಲ ಚೌಕಟ್ಟು ಹಿಡಿದು ನಿಂತಳು.  ಹೊರಗೆ ಹೋಗಿ ಇಸ್ಮಾಯಿಲ್‌ಗೆ ಹೇಳಿದಳು. ಇಸ್ಮಾಯಿಲ್ ಕಲ್ಲು ನೋಡುವುದಿಲ್ಲ ಎಂದವನು, ರಸ್ತೆಯ ಆಚೆ ಬದಿಯಲ್ಲಿ ಸ್ಕೂಟರಿನ ಮೇಲೇ ಕೂತಿದ್ದ. ಕೇಳಿದ ತಕ್ಷಣ ಫೋನು ತೆಗೆದು ಪೇಟೆಯ ಮಸೀದಿಯ ಹಜರತ್‌ಗೆ ಮಾಡಿದ. ಬಹಳ ಹೊತ್ತು ತಲೆ ತಗ್ಗಿಸಿಕೊಂಡು ಕೇಳಿದ. ಆಮೇಲೆ ರಸ್ತೆ ದಾಟಿ ಮನೆಯೊಳಗೆ ಬಂದು, ಒಳಕೋಣೆಯ ಕಡೆ ಕಾಲಿಟ್ಟ.

“ಅಲ್ಲೇ ನಿಂತ್ಕೋ ಇಸ್ಮಾಯಿಲ್,” ಎಂದಳು ಶಾಹಜಾದಿ ಒಳಗಿನಿಂದ. “ಪರದೆ ಎಳ್ಕೋ.”

ಅವಳು ಮದುವೆಯಾಗಿ ಬಂದಾಗ ಅವನಿಗೆ ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಅವಳ ಕೈಯ ಊಟ ಉಂಡವನು, ಅವಳಿಗೆ ಎದುರಾಡಿದವನು, ಒಂದು ದಿನವೂ ನಡುವೆ ಪರದೆ ಇರಲಿಲ್ಲ. ಇಸ್ಮಾಯಿಲ್ ಬಾಗಿಲಲ್ಲಿ ನಿಂತ. ಹೂವಿನ ಬಟ್ಟೆಯ ಪರದೆ ಒಂದು ಪಕ್ಕಕ್ಕೆ ಗಂಟು ಕಟ್ಟಿತ್ತು. ಗಂಟು ಬಿಚ್ಚಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಬಿಚ್ಚಿ, ಎಳೆದು, ಈಚೆ ಕಡೆ ನಿಂತ.

“ಭಾಭಿ, ಹಜರತ್‌ನ ಕೇಳ್ದೆ,” ಎಂದ. “ನೀವು ಹೇಳಿರೋ ಇಸವಿಲೇ ಆಗಿದ್ರೆ ಇದ್ದತ್ ಆವಾಗ್ಲೇ ಮುಗಿದೋಯ್ತಂತೆ. ಸುದ್ದಿ ತಡವಾಗಿ ಬಂದ್ರೂ, ಸತ್ತ ದಿನದಿಂದಲೇ ಲೆಕ್ಕವಂತೆ. ಈಗ ಕೂರೋದು ಏನಿಲ್ಲ ಅಂದ್ರು.”

ಇಸ್ಮಾಯಿಲ್ ಪರದೆಗೆ ಇನ್ನಷ್ಟು ಹತ್ತಿರ ಬಂದ.

“ಕೇಳಿಸ್ತಾ?”

“ಕೇಳಿಸ್ತು. ಆವಾಗ ನಾನು ರಸ್ತೇಲಿದ್ದೆ.”

“ಹೌದು.”

“ಮಗು ಸೊಂಟದಲ್ಲಿತ್ತು. ಘಾಟಿ ತೆರೆದಿದ್ದೇ ಕಟ್ಟಿ ನಿಂತಿದ್ದ ಲಾರಿಗಳೆಲ್ಲ ಒಟ್ಟಿಗೆ ಬಂದ್ವು. ನೀರು, ನೀರು ಅಂತ. ಎಷ್ಟು ಗಂಡಸರಿಗೆ ನೀರು ಕೊಟ್ನೋ. ಬಳೆ ಹಾಕ್ಕಂಡಿದ್ದೆ. ಅವರಲ್ಲಿ ಒಬ್ಬ ಏನೋ ತಮಾಷೆ ಮಾಡಿದ್ದಕ್ಕೆ ನಕ್ಕೂ ಇದ್ದೆ.”

“ನಿಮಗೇನು ಗೊತ್ತಿತ್ತು ಭಾಭಿ ಆವಾಗ?”

“ಅದೇ. ಗೊತ್ತಿಲ್ದೇನೇ ಮುಗಿದೋಯ್ತಾ?”

ಇಸ್ಮಾಯಿಲ್ ಪರದೆಯ ಅಂಚು ಹಿಡಿದುಕೊಂಡಿದ್ದ. ಹೊರಗೆ ಮೈಕಿನಲ್ಲಿ ಯಾರೋ ಹಲೋ ಹಲೋ ಎನ್ನುತ್ತಿದ್ದರು.

“ಕೂತ್ರೆ ತಪ್ಪು ಅಂದ್ರಾ?” ಎಂದಳು ಶಾಹಜಾದಿ.

“ತಪ್ಪು ಅಂತ ಅನ್ನಲಿಲ್ಲ. ಬೇಕಾಗಿಲ್ಲ ಅಂದ್ರು.”

“ಹಂಗಾದ್ರೆ ಕೂರ್ತೀನಿ. ಬೇಕಾಗಿಲ್ಲದ್ದು ಎಷ್ಟೋ ಮಾಡಿದೀನಿ. ನೀನು ಹೋಗು, ಅವರು ಕಾಯ್ತಿದಾರೆ. ದೊಡ್ಡೋನು ಯಾರಾದ್ರೂ ಒಬ್ರು ಇರಬೇಕಲ್ಲ ಅಲ್ಲಿ.”

ಇಸ್ಮಾಯಿಲ್ ಪರದೆಯ ಅಂಚು ಬಿಟ್ಟ. ಆಮೇಲೆ ಅವನು ಹೊಸಿಲು ದಾಟಿದ್ದು, ಚಪ್ಪಲಿ ಮೆಟ್ಟಿಕೊಂಡದ್ದು ಅವಳಿಗೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಮೈಕಿನಲ್ಲಿ ಅವನ ದನಿ ಬಂತು. ಮೈಕಿನ ಮುಂದೆ ಎಂದೂ ಮಾತಾಡದವನು, ತೀರ ಹತ್ತಿರ ಬಾಯಿಟ್ಟುಕೊಂಡಿದ್ದ. ಉಸಿರೇ ಹೆಚ್ಚು ಕೇಳುತ್ತಿತ್ತು.

“ನಮ್ಮ ಭಾಭಿ ಬರಲ್ಲ. ಅವರು ಇದ್ದತಲ್ಲಿದಾರೆ.” ಅಷ್ಟು ಹೇಳಿ ನಿಲ್ಲಿಸಿದ. ಗೊತ್ತಿಲ್ಲದವರಿಗೆ ಹೇಳಬೇಕಲ್ಲ ಎಂದು ಮತ್ತೆ ಹೇಳಿದ. “ಅಂದ್ರೆ, ನಮ್ಮ ಅಣ್ಣ ಇಲ್ಲ. ಅದಕ್ಕೆ.”

ಯಾರೋ ಚಪ್ಪಾಳೆ ಹೊಡೆಯಲು ಹೋಗಿ ಅರ್ಧಕ್ಕೆ ಬಿಟ್ಟರು. ಪ್ರದೀಪ್ ಏನೋ ಮೆಲ್ಲಗೆ ಕೇಳಿದ್ದು, ಇಸ್ಮಾಯಿಲ್ ಸರಿ ಎಂದದ್ದು ಕೇಳಿಸಿತು. ಆಮೇಲೆ ಬಟ್ಟೆ ಎಳೆದರೆಂದು ಕಾಣುತ್ತದೆ, ಈ ಸಲ ಚಪ್ಪಾಳೆ ಪೂರ್ತಿ ಬಂತು. ಆ ಮುದುಕ ಡ್ರೈವರುಗಳಲ್ಲಿ ಒಬ್ಬ ಮಾತಾಡಲು ಎದ್ದು, ತೊಟ್ಟಿಯ ವಿಷಯ ಬಿಟ್ಟು ತನ್ನ ಲಾರಿಯ ಬ್ರೇಕಿನ ವಿಷಯ ಶುರುಮಾಡಿದ. ಸಿದ್ದಯ್ಯ ಬಿಸಿಲೆಗೆ ಹೋಗಬೇಕು, ಸುತ್ತಿಗೆ ಎಲ್ಲಿಟ್ರಿ, ಎಂದು ಹಿಂದುಗಡೆ ಯಾರನ್ನೋ ಬೈಯುತ್ತಿದ್ದ.

ಶಾಹಜಾದಿ ಒಳಗೆ ಕೂತು ಇದನ್ನೆಲ್ಲ ಕೇಳಿದಳು. ಈಗ ಬರಬಹುದು ಅಳು ಎಂದು ಕಾದಳು. ಬರಲಿಲ್ಲ. ಕೈಯಲ್ಲಿ ಬಳೆ ಇಲ್ಲದ್ದರಿಂದ ಕೈ ಹಗುರವಾಗಿ, ಬೇರೆ ಯಾರದೋ ಕೈಯ ಹಾಗೆ ಕಾಣುತ್ತಿತ್ತು. ನಾಲ್ಕು ತಿಂಗಳು ಇದೆಯಲ್ಲ, ಬಂದರೆ ಬರಲಿ, ಇಲ್ಲದಿದ್ದರೆ ಇಲ್ಲ ಎಂದುಕೊಂಡಳು. ಹೊರಗಿನವರು ಊಟದ ಹೊತ್ತಿನವರೆಗೂ ಇರುವವರೋ ಏನೋ. ಗೌಸಿಯಾ, ಇಸ್ಮಾಯಿಲ್ ಇಬ್ಬರಂತೂ ಉಣ್ಣುತ್ತಾರೆ.

ಎದ್ದು ಅಡಿಗೆಮನೆಗೆ ಹೋಗಿ, ಡಬ್ಬದಿಂದ ಅಕ್ಕಿ ಮೊರಕ್ಕೆ ಸುರಿದುಕೊಂಡಳು. ಕಿಟಕಿಯ ಬೆಳಕಿಗೆ ತಿರುಗಿ ಕೂತು, ಕೇರಿ, ನೆಲ್ಲನ್ನು ಒಂದೊಂದಾಗಿ ಆರಿಸಿ ಪಕ್ಕಕ್ಕೆ ಹಾಕತೊಡಗಿದಳು.